ಕಬ್ಬಿಣವೂ ಕರಾಟೆಯೂ

ಭಾರ ಎತ್ತಿದರೆ ಮೈ ಬಿಗಿದು ಏಟಿನ ವೇಗ ಕುಂದುವುದೆಂದು ಕರಾಟೆ ಕಲಿಯುವ ಮಿತ್ರರು ಹೇಳುವುದುಂಟು. ನಾನೂ ಅದನ್ನು ನಂಬಿ ಎರಡು ವರ್ಷ ವ್ಯಾಯಾಮಶಾಲೆಯ ಹೊಸ್ತಿಲು ತುಳಿಯಲಿಲ್ಲ. ಆದರೆ ಕರಾಟೆಯ ತವರಾದ ಓಕಿನಾವಾ ದ್ವೀಪದ ಸಂಪ್ರದಾಯವೇ ಈ ಮಾತನ್ನು ಒಪ್ಪುವುದಿಲ್ಲ. ಅಲ್ಲಿ ಹುಟ್ಟಿದ ಗೋಜು ರ್ಯು ಪದ್ಧತಿಯಲ್ಲಿ 'ಹೋಜೋ ಉಂಡೋ' ಎಂಬ ಪೂರಕ ಅಂಗಸಾಧನೆಯುಂಟು. ಮರದ ಹಿಡಿಯ ತುದಿಗೆ ಕಲ್ಲು ಕೂಡಿಸಿದ 'ಚಿ ಇಶಿ'ಯನ್ನು ಕಂಡರೆ ನಮ್ಮ ಗರಡಿಯ ಗದೆಯ ತಮ್ಮನೆನ್ನಬೇಕು. ಮರಳು ತುಂಬಿದ ಜಾಡಿಗಳನ್ನು ಬಾಯಂಚಿಗೆ ಬೆರಳೂರಿ ಹಿಡಿದು ನಡೆಯುವುದೂ ಉಂಟು. ಆ ಪದ್ಧತಿಯ ಮೂಲಪುರುಷರಾದ ಮಿಯಾಗಿ ಚೋಜುನ್ 1934ರಲ್ಲಿ ಹವಾಯಿಗೆ ಹೋಗಿದ್ದರು. ಅಲ್ಲಿನ ಮಲ್ಲರು ಬಳಸುತ್ತಿದ್ದ ಕಬ್ಬಿಣದ ದೊಡ್ಡ ಬಳೆಯನ್ನೂ ತಮ್ಮ ಸಾಧನಗಳಲ್ಲಿ ಸೇರಿಸಿಕೊಂಡರು.

ಹಾಗಾದರೆ ಇಂದಿನ ಬಾರ್‌ಬೆಲ್ ಏಕೆ? ಕಲ್ಲಿನ ತೂಕ ಇದ್ದಷ್ಟೇ. ಬಾರ್‌ಬೆಲ್ಲಿಗಾದರೋ ಅಳತೆಯಿಂದ ಭಾರ ಏರಿಸುತ್ತ ಹೋಗಬಹುದು. ಮುಷ್ಟಿಯ ಬಲ ನೆಲವನ್ನೊತ್ತಿದ ಕಾಲಿನಿಂದ ಹೊರಟು ಸೊಂಟದ ಮೂಲಕ ಭುಜಕ್ಕೆ ಬರುವುದರಿಂದ ಭಾರ ಹೊತ್ತು ಬೈಠಕ್ ಮಾಡುವುದು ವ್ಯರ್ಥವಲ್ಲ. ಆದರೆ ಬಾರ್‌ಬೆಲ್ ಎರಡು ಕಡೆಗೂ ಸಮತೂಕ. ಮಣಿಕಟ್ಟಿಗೆ ಬೇಕಾದ ಓರೆಭಾರದ ಪಾಠವನ್ನು ಚಿ ಇಶಿಯೇ ಕಲಿಸಬೇಕು.

ನಾನು ಮಾಡಿದ ತಪ್ಪನ್ನೂ ಹೇಳಲೇಬೇಕು. ಮೊದಲ ತಿಂಗಳು ಬೈಠಕ್ ಮುಗಿಸಿಯೇ ಕಟಾಕ್ಕೆ, ಎಂದರೆ ವರಸೆಗಳ ಕ್ರಮಾಭ್ಯಾಸಕ್ಕೆ, ನಿಲ್ಲುತ್ತಿದ್ದೆ. ಕಾಲು ನಡುಗಿ ನಿಲುವು ಕೆಟ್ಟು, ಆ ಕೆಟ್ಟ ನಿಲುವೇ ರೂಢಿಯಾಗತೊಡಗಿತು. ಈಗ ಕಟಾ ಮೊದಲು, ಭಾರ ಆಮೇಲೆ. ಅದೂ ವಾರಕ್ಕೆ ಎರಡೇ ದಿನ. ಕೈಯ ವೇಗವೇನೂ ಕುಂದಿಲ್ಲ. ದಿನಸಿ ಮಂಡಿಯಲ್ಲಿ ಮೂಟೆ ಹೊರುವ ನನ್ನ ತಂದೆಯವರಿಗೆ ಇದನ್ನೆಲ್ಲ ವಿವರಿಸಿದೆ. "ಹೊರುವುದಕ್ಕೂ ಕಾಲೇಜಿಗೆ ಹೋಗಬೇಕೇನೋ?" ಎಂದು ನಕ್ಕು, ಬೆನ್ನು ಬಾಗಿಸದೆ ಮೂಟೆ ಎತ್ತುವ ಬಗೆಯನ್ನು ಅಂಗಳದಲ್ಲೇ ತೋರಿಸಿದರು.