ಹಳೆಯ ಮೋಟಾರಿನ ಎಕ್ಸ್‌ಪ್ಯಾನ್ಷನ್ ಟ್ಯಾಂಕು ಸೋರಿದಾಗ

ಮೋಟಾರು ಬಂಡಿಯ ಮುಂದಿನ ಮುಚ್ಚಳವನ್ನೆತ್ತಿದರೆ ಎಂಜಿನ್ನಿನ ಪಕ್ಕದಲ್ಲಿ ಬಿಳಿಯ ಪ್ಲಾಸ್ಟಿಕ್ ಪಾತ್ರೆಯೊಂದು ಕಾಣುವುದು. ಇದಕ್ಕೆ ಎಕ್ಸ್‌ಪ್ಯಾನ್ಷನ್ ಟ್ಯಾಂಕು ಎಂದು ಹೆಸರು. ಬಂಡಿಗೆ ಹತ್ತು ಹದಿನೈದು ವರ್ಷ ತುಂಬಿದ ಮೇಲೆ ಈ ಪಾತ್ರೆ ಹಳದಿಗಟ್ಟಿ, ಕೊನೆಗೆ ಎಲ್ಲಿಯೋ ಒಂದೆಡೆ ಬಿರಿದು ಸೋರತೊಡಗುವುದುಂಟು. ಸೋರುವುದು ಹನಿಹನಿಯಾಗಿ; ಆದುದರಿಂದ ಬಹುಮಂದಿ ಇದನ್ನು ಲಕ್ಷಿಸದೆ, ನಿತ್ಯವೂ ಒಂದು ಚೊಂಬು ನೀರು ಸುರಿದು ಬಂಡಿಯನ್ನು ನಡೆಸುತ್ತಾರೆ. ಈ ಉಪೇಕ್ಷೆಯ ಫಲವಾಗಿ ಎಂಜಿನ್ನು ಅತಿಯಾಗಿ ಕಾದು ಸಿಲಿಂಡರಿನ ಹೆಡ್ಡು ಬಾಗಿದರೆ, ಅದನ್ನು ಸರಿಪಡಿಸುವ ವೆಚ್ಚವು ಹಳೆಯ ಬಂಡಿಯ ಬೆಲೆಯನ್ನೇ ಸಮೀಪಿಸಬಹುದು. ಆ ಪಾತ್ರೆಯ ಕಾರ್ಯವೇನು, ಸೋರಿದಾಗ ಮಾಡತಕ್ಕದ್ದೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ಒದಗುವುದು. ಉಳಿದುದರಲ್ಲಿ ಒಂದು ಭಾಗ ಹೊಗೆಯೊಡನೆ ಹೋದರೆ, ಇನ್ನೊಂದು ಭಾಗವನ್ನು ಎಂಜಿನ್ನಿನ ಸುತ್ತ ಹರಿಯುವ ಕೂಲಂಟ್ ಎಂಬ ದ್ರವವು ಹೊತ್ತೊಯ್ದು ರೇಡಿಯೇಟರಿನ ಮೂಲಕ ಗಾಳಿಗೆ ಒಪ್ಪಿಸುವುದು. ಕಾದ ದ್ರವ ಹಿಗ್ಗುವುದು ಪ್ರಕೃತಿನಿಯಮ. 20 ಡಿಗ್ರಿ ಸೆಂಟಿಗ್ರೇಡಿನಲ್ಲಿರುವ ನೀರನ್ನು 90 ಡಿಗ್ರಿಗೆ ಕಾಯಿಸಿದರೆ ಅದು ನೂರಕ್ಕೆ ಸುಮಾರು ಮೂರೂವರೆ ಭಾಗ ಹೆಚ್ಚುವುದು. ಅಂದರೆ 5 ಲೀಟರು ನೀರಿಗೆ 175 ಮಿಲಿಲೀಟರು. ಗ್ಲೈಕಾಲ್ ಬೆರೆತಿದ್ದರೆ ಹಿಗ್ಗುವಿಕೆ ಇನ್ನೂ ಹೆಚ್ಚು. ಈ ಹೆಚ್ಚಿದ ಭಾಗಕ್ಕೆ ತಾವು ಕೊಡುವುದೇ ಟ್ಯಾಂಕಿನ ಮೊದಲನೆಯ ಕೆಲಸ.

ಎರಡನೆಯ ಕೆಲಸವನ್ನು ತಿಳಿಯಲು ನಮ್ಮ ಅಡಿಗೆಮನೆಯ ಕುಕ್ಕರನ್ನು ನೆನೆದರೆ ಸಾಕು. 1679ರಲ್ಲಿ ಫ್ರೆಂಚ್ ವಿಜ್ಞಾನಿ ಡೆನಿ ಪಾಪೆನ್ ತೋರಿಸಿದ ತತ್ತ್ವವೇ ಇವೆರಡರಲ್ಲಿಯೂ ಇರುವುದು. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆಯೂ ಹೆಚ್ಚುವುದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಯಲ್ಲಿ ಕುದಿದರೆ, ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯಲ್ಲಿಯೇ ಕುದಿಯುವುದು. ಅದೇ ನೀರಿನ ಮೇಲೆ ಚದರ ಅಂಗುಲಕ್ಕೆ 15 ಪೌಂಡಿನಷ್ಟು ಹೆಚ್ಚಿನ ಒತ್ತಡವಿದ್ದರೆ 120 ಡಿಗ್ರಿಯ ಹತ್ತಿರ ಬರುವವರೆಗೂ ಕುದಿಯದು. ಕುಕ್ಕರಿನ ತೂಕ ಮಾಡುವ ಈ ಕೆಲಸವನ್ನು ಮೋಟಾರಿನಲ್ಲಿ ಬಿರಡೆಯೊಳಗಿನ ಸ್ಪ್ರಿಂಗು ಮಾಡುವುದು. ಒತ್ತಡ ಮಿತಿ ಮೀರಿದಾಗ ಹೊರಬಿಡುವ ಕವಾಟವೊಂದು, ಎಂಜಿನ್ನು ತಣಿದಾಗ ಒಳಗೆಳೆದುಕೊಳ್ಳುವ ಕವಾಟ ಮತ್ತೊಂದು ಅದರಲ್ಲಿರುತ್ತವೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. 1983ರ ಕೊನೆಯಲ್ಲಿ ಹೊರಬಂದ ಮಾರುತಿ 800 ಮುಂತಾದ ಬಂಡಿಗಳಲ್ಲಿ ಒತ್ತಡದ ಬಿರಡೆ ರೇಡಿಯೇಟರಿನ ಮೇಲೆಯೇ ಇದ್ದು, ಪ್ಲಾಸ್ಟಿಕ್ ಪಾತ್ರೆಯು ಹೊರಬಂದ ದ್ರವವನ್ನು ಹಿಡಿದಿಡುವ ಡಬ್ಬಿ ಮಾತ್ರ, ಅದರಲ್ಲಿ ಒತ್ತಡವಿಲ್ಲ. ಅದು ಸೋರಿ ಬರಿದಾದರೆ, ತಣಿಯುವ ರೇಡಿಯೇಟರು ದ್ರವಕ್ಕೆ ಬದಲಾಗಿ ಗಾಳಿಯನ್ನು ಎಳೆದುಕೊಳ್ಳುವುದು. ಕೇಡು ಮೆಲ್ಲಗೆ ಬರುವುದು. ಫೋರ್ಡ್ ಐಕಾನ್, ಫೋಕ್ಸ್‌ವ್ಯಾಗನ್ ಪೋಲೋ ಮೊದಲಾದವುಗಳಲ್ಲಾದರೋ ಒತ್ತಡದ ಬಿರಡೆ ಟ್ಯಾಂಕಿನ ಮೇಲೆಯೇ ಇರುವುದು. ಇಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಒತ್ತಡ ನಿಲ್ಲದು. ಒತ್ತಡವಿಲ್ಲದ ದ್ರವ ಬೇಗನೆ ಕುದಿಯುವುದು. ಹೀಗೆ ಕೇಡು ದ್ರವ ಪೂರ್ಣವಾಗಿ ಬರಿದಾಗುವುದಕ್ಕೆ ಮುಂಚೆಯೇ ಪ್ರಾರಂಭವಾಗಬಹುದು.

ಬಿರುಕನ್ನು ಕಂಡುಹಿಡಿಯುವುದು ಸುಲಭವಲ್ಲ. ಪಾತ್ರೆಯ ಎರಡು ಹೋಳುಗಳನ್ನು ಬೆಸೆದ ಅಂಚು, ಕೊಳವೆ ಸೇರುವ ಮೂತಿ, ಬಿರಡೆಯ ಕತ್ತು, ಈ ಮೂರು ಕಡೆ ಮೊದಲು ನೋಡಬೇಕು. ಬಿಸಿಯಲ್ಲಿ ಬಾಯ್ದೆರೆಯುವ ಬಿರುಕು ತಣಿದಾಗ ಮುಚ್ಚಿಕೊಳ್ಳುವುದರಿಂದ, ಬೆಳಗ್ಗೆ ನೋಡಿದರೆ ಎಲ್ಲವೂ ಒಣಗಿರುವಂತೆ ತೋರುವುದು; ಆದರೆ ದ್ರವ ಆರಿದ ಜಾಗದಲ್ಲಿ ಬಿಳಿಯ ಅಥವಾ ಬಣ್ಣದ ಹಕ್ಕಳೆ ಉಳಿದಿರುವುದು. ಸಂದೇಹ ತೀರದಿದ್ದರೆ, ತಣ್ಣಗಿರುವ ಎಂಜಿನ್ನಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸುವ ಉಪಕರಣ ಒಳ್ಳೆಯ ಗ್ಯಾರೇಜುಗಳಲ್ಲಿರುತ್ತದೆ.

ಆದರೆ ಬಿರುಕು ಸಿಕ್ಕಿತೆಂದು ಅಲ್ಲಿಗೇ ನಿಲ್ಲಬಾರದೆಂಬುದು ನಮ್ಮ ಮುಖ್ಯವಾದ ಮಾತು. ಟ್ಯಾಂಕು ವಯಸ್ಸಿನಿಂದ ಬಿರಿಯಿತೋ, ಮಿತಿ ಮೀರಿದ ಒತ್ತಡದಿಂದ ಬಿರಿಯಿತೋ ಎಂಬುದನ್ನು ವಿವೇಚಿಸಬೇಕು. ಬಿರಡೆಯ ಕವಾಟ ಕಚ್ಚಿಕೊಂಡಿದ್ದರೆ ಒತ್ತಡ ಏರುವುದು. ಹೆಡ್ ಗ್ಯಾಸ್ಕೆಟ್ಟು ಕೆಟ್ಟಿದ್ದರೆ ಸಿಲಿಂಡರಿನೊಳಗಿನ ಹೊಗೆಯೇ ದ್ರವದೊಳಕ್ಕೆ ನುಗ್ಗುವುದು. ಟ್ಯಾಂಕಿನ ಬಾಯಿಂದ ಬರುವ ಗಾಳಿಯನ್ನು ನೀಲಿಯ ಪರೀಕ್ಷಾದ್ರವದ ಮೂಲಕ ಹಾಯಿಸಿದಾಗ ಬಣ್ಣ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ಟಿನ ದೋಷವೆಂದು ತಿಳಿಯಬೇಕು. ಈ ಮೂಲವನ್ನು ಬಿಟ್ಟು ಹೊಸ ಟ್ಯಾಂಕನ್ನು ಹಾಕಿದರೆ ಅದೂ ಬಹುಕಾಲ ಬಾಳದು.

ಅಂಟು ಹಾಕಿ ನಿಲ್ಲಿಸಲಾಗದೇ ಎಂದು ಕೇಳುವವರುಂಟು. ಇಂಥ ಟ್ಯಾಂಕುಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನಿನವು; ಆ ವಸ್ತುವಿಗೆ ಸಾಮಾನ್ಯವಾದ ಅಂಟುಗಳು ಹಿಡಿಯವು. ಕಾಯಿಸಿ ಬೆಸೆದರೂ ಪಕ್ಕದ ಪ್ಲಾಸ್ಟಿಕ್ಕು ಅಷ್ಟೇ ಮುಪ್ಪಾಗಿರುವುದರಿಂದ ಬಿರುಕು ಬೇರೆಡೆ ತಲೆಯೆತ್ತುವುದು. ಆದುದರಿಂದ ಟ್ಯಾಂಕು, ಬಿರಡೆ ಎರಡನ್ನೂ ಒಟ್ಟಿಗೆ ಬದಲಾಯಿಸುವುದೇ ಮಿತವ್ಯಯದ ಮಾರ್ಗ. ಬಿರಡೆಯ ಮೇಲೆ ಬರೆದಿರುವ ಒತ್ತಡದ ಅಂಕಿ ಆ ಬಂಡಿಗೆ ವಿಧಿಸಿದ್ದೇ ಆಗಿರಬೇಕು.

ಕೆಲಸದ ಕ್ರಮ ಹೀಗೆ: ಎಂಜಿನ್ನು ಪೂರ್ತಿಯಾಗಿ ತಣಿದ ಮೇಲೆ ಬಿರಡೆಯನ್ನು ಮೆಲ್ಲನೆ ತಿರುವಿ ತೆಗೆಯಬೇಕು. ಬಿಸಿಯಲ್ಲಿ ತೆರೆದರೆ ಒತ್ತಡ ತಪ್ಪಿದ ದ್ರವ ಒಮ್ಮೆಲೇ ಕುದಿದು ಚಿಮ್ಮಿ ಮುಖ ಕೈಗಳನ್ನು ಬೇಯಿಸೀತು. ಅನಂತರ ದ್ರವವನ್ನು ಟ್ಯಾಂಕಿನ ಮಟ್ಟಕ್ಕಿಂತ ಕೆಳಗಿಳಿಯುವವರೆಗೆ ತೆಗೆದು, ಕೊಳವೆಗಳ ಕ್ಲಿಪ್ಪುಗಳನ್ನು ಸಡಿಲಿಸಿ, ಮಟ್ಟ ತಿಳಿಸುವ ತಂತಿಯಿದ್ದರೆ ಅದನ್ನು ಬಿಡಿಸಿ, ಹಳೆಯದನ್ನು ಎತ್ತಬೇಕು. ಕೊಳವೆಗಳ ತುದಿ ಗಡುಸಾಗಿ ಸೀಳಿದ್ದರೆ ಅವನ್ನೂ ಬದಲಿಸಬೇಕು. ಹೊಸದನ್ನು ಕೂರಿಸಿ, ತಯಾರಕರು ಹೇಳಿದ ಬಗೆಯ ಕೂಲಂಟನ್ನು ಶುದ್ಧಜಲದೊಡನೆ ಬೆರೆಸಿ ತುಂಬಬೇಕು. ಬಣ್ಣ ಒಂದೇ ಎಂದ ಮಾತ್ರಕ್ಕೆ ಬಗೆಯೂ ಒಂದೇ ಎಂದು ಭಾವಿಸಬಾರದು. ಕೊನೆಗೆ, ಒಳಗೆ ಸಿಕ್ಕಿದ ಗಾಳಿಯನ್ನು ಆಯಾ ಬಂಡಿಗೆ ಹೇಳಿದ ಕ್ರಮದಲ್ಲಿ ಹೊರಗೆಡವಿ, ಎಂಜಿನ್ನು ಮತ್ತೆ ತಣಿದ ಮೇಲೆ ದ್ರವವು ಕೆಳಗೆರೆ ಮೇಲ್ಗೆರೆಗಳ ನಡುವೆ ಇದೆಯೇ ಎಂದು ನೋಡಬೇಕು.

ತೆಗೆದ ಹಳೆಯ ದ್ರವವನ್ನು ಅಂಗಳದಲ್ಲಿ ಚೆಲ್ಲಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿಗಳೂ ಅರಿಯದ ಮಕ್ಕಳೂ ಅದರ ರುಚಿಗೆ ಮೋಸಹೋಗುವ ಅಪಾಯವಿದೆ. ಮುಚ್ಚಿದ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಒಪ್ಪಿಸುವುದು ಯುಕ್ತ.

ಸಂಸಾರ ಸಹಿತವಾಗಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಈ ದೋಷ ತಲೆದೋರಿದರೆ, ಬಂಡಿಯನ್ನು ಸುರಕ್ಷಿತವಾದ ಅಂಚಿಗೆ ತಂದು ಎಂಜಿನ್ನನ್ನು ನಿಲ್ಲಿಸಬೇಕು. ಉಷ್ಣತೆಯ ಮುಳ್ಳನ್ನು ಪೂರ್ತಿಯಾಗಿ ನಂಬಲಾಗದು. ಅದರ ಮೂಲದಲ್ಲಿ ದ್ರವವೇ ಉಳಿಯದಿದ್ದರೆ ಮುಳ್ಳು ಕೆಳಗಿಳಿದು ನಮ್ಮನ್ನು ವಂಚಿಸಬಹುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೀಳೀತು. ಒಂದು ಗಂಟೆಯಷ್ಟಾದರೂ ತಣಿಯಲು ಬಿಟ್ಟು, ಬರಿಯ ನೀರನ್ನಾದರೂ ತುಂಬಿ, ಹತ್ತಿರದ ಊರನ್ನು ನಿಧಾನವಾಗಿ ಸೇರಬಹುದು. ಹೊರಡುವ ಮುನ್ನ ತಣ್ಣನೆಯ ಎಂಜಿನ್ನಿನ ಟ್ಯಾಂಕನ್ನು ಒಮ್ಮೆ ನೋಡುವುದಕ್ಕೆ ಬೇಕಾದುದು ಅರೆನಿಮಿಷ ಮಾತ್ರ. ಹಳೆಯ ಬಂಡಿಯನ್ನು ನಂಬಿ ಮನೆಮಂದಿಯನ್ನು ಕರೆದೊಯ್ಯುವವರು ಇಷ್ಟು ಅಭ್ಯಾಸವನ್ನಾದರೂ ಇಟ್ಟುಕೊಳ್ಳುವುದು ಲೇಸು.