ಮಕ್ಕಳ ಕ್ಯಾನ್ಸರ್: ಪ್ರದೇಶವಾರು ವ್ಯತ್ಯಾಸ, ಬದುಕುಳಿಯುವ ಪ್ರಮಾಣ ಹಾಗೂ ಚಿಕಿತ್ಸಾ ಸೌಲಭ್ಯ ಪಡೆಯುವ ಕ್ರಮ

ಪೀಠಿಕೆ

ಮಕ್ಕಳಲ್ಲಿ ಕ್ಯಾನ್ಸರ್ ವಿರಳವಾದ ಕಾಯಿಲೆಯಾಗಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿ ವರ್ಷ 19 ವರ್ಷದವರೆಗಿನ ಸುಮಾರು 4 ಲಕ್ಷ ಮಕ್ಕಳು ಹಾಗೂ ಹದಿಹರೆಯದವರು ಇದಕ್ಕೆ ತುತ್ತಾಗುತ್ತಾರೆ. ಅಧಿಕ ಆದಾಯದ ದೇಶಗಳಲ್ಲಿ ಇಂತಹ ಮಕ್ಕಳ ಪೈಕಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಅನೇಕ ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಈ ಪ್ರಮಾಣ ಶೇ. 30ಕ್ಕಿಂತಲೂ ಕಡಿಮೆ ಇದೆ. ಕಾಯಿಲೆ ಒಂದೇ ಆಗಿದ್ದರೂ ಮಗು ಹುಟ್ಟಿದ ಸ್ಥಳವನ್ನು ಅವಲಂಬಿಸಿ ಫಲಿತಾಂಶ ಬದಲಾಗಲು ಕಾರಣಗಳೇನು ಮತ್ತು ಪೋಷಕರು ಕೈಗೊಳ್ಳಬೇಕಾದ ಕ್ರಮಗಳೇನು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ವಯಸ್ಕರ ಕ್ಯಾನ್ಸರ್‌ಗಿಂತ ಭಿನ್ನತೆ

ವಯಸ್ಕರಲ್ಲಿ ತಂಬಾಕು, ಮದ್ಯಪಾನ ಮುಂತಾದವು ಕ್ಯಾನ್ಸರ್‌ಗೆ ಪ್ರಮುಖ ಕಾರಣಗಳು. ಮಕ್ಕಳಲ್ಲಿ ಬಹುತೇಕ ಪ್ರಕರಣಗಳಿಗೆ ಇಂತಹ ಬಾಹ್ಯ ಕಾರಣ ಕಂಡುಬರುವುದಿಲ್ಲ. ಸುಮಾರು ಶೇ. 10ರಷ್ಟು ಮಕ್ಕಳಲ್ಲಿ ಮಾತ್ರ ವಂಶವಾಹಿಯ ದೋಷ ಕಾರಣವಾಗಿರುತ್ತದೆ. ಈ ಕಾಯಿಲೆಯು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ತಾಯಿ ಗರ್ಭಿಣಿಯಾಗಿದ್ದಾಗ ಗ್ರಹಣ ನೋಡಿದ್ದರಿಂದಾಗಲಿ, ದೃಷ್ಟಿದೋಷದಿಂದಾಗಲಿ ಇದು ಬರುವುದಿಲ್ಲ. ಆದುದರಿಂದ ತಂದೆ ತಾಯಿಯರು ತಮ್ಮನ್ನು ದೂಷಿಸಿಕೊಳ್ಳಲು, ಇತರರು ಅವರನ್ನು ದೂಷಿಸಲು ಯಾವುದೇ ಆಧಾರವಿರುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವುದು ರಕ್ತದ ಕ್ಯಾನ್ಸರ್. ಮೆದುಳಿನ ಗಡ್ಡೆಗಳು, ದುಗ್ಧಗ್ರಂಥಿಗಳ ಕ್ಯಾನ್ಸರ್, ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ, ಕಣ್ಣಿನ ರೆಟಿನೊಬ್ಲಾಸ್ಟೋಮಾ ಹಾಗೂ ಮೂಳೆಯ ಗಡ್ಡೆಗಳು ಇತರ ಮುಖ್ಯ ವಿಧಗಳಾಗಿವೆ.

ಪ್ರದೇಶವಾರು ವ್ಯತ್ಯಾಸ

ಕೆಲವು ವಿಧದ ಕ್ಯಾನ್ಸರ್‌ಗಳು ನಿರ್ದಿಷ್ಟ ಪ್ರದೇಶಗಳಲ್ಲಿ ಹೆಚ್ಚಾಗಿರುವುದು ಕಂಡುಬಂದಿದೆ. ಅವುಗಳ ಉದಾಹರಣೆ ಕೆಳಕಂಡಂತಿದೆ:

1. ಬರ್ಕಿಟ್ ಲಿಂಫೋಮಾ: ಉಗಾಂಡದ ಕಂಪಾಲಾದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅವರು ಮಕ್ಕಳ ದವಡೆಯಲ್ಲಿ ಶೀಘ್ರವಾಗಿ ಬೆಳೆಯುವ ಗಡ್ಡೆಯನ್ನು 1958ರಲ್ಲಿ ವಿವರಿಸಿದರು. 1961ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಪೂರ್ವ ಹಾಗೂ ದಕ್ಷಿಣ ಆಫ್ರಿಕಾ ಭಾಗಗಳಲ್ಲಿ ಸುಮಾರು 10,000 ಮೈಲಿ ಸಂಚರಿಸಿ, ಗಡ್ಡೆ ಕಂಡುಬರುವ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿದರು. ಬೆಚ್ಚಗಿನ, ಮಳೆ ಹೆಚ್ಚಿರುವ, ಎತ್ತರ ಕಡಿಮೆಯಿರುವ ಪ್ರದೇಶಗಳಲ್ಲಿಯೇ ಇದು ಹೆಚ್ಚಾಗಿದ್ದಿತು. ಇವು ಮಲೇರಿಯಾ ಹಾವಳಿಯ ಪ್ರದೇಶಗಳೂ ಆಗಿದ್ದವು. ಈ ಗಡ್ಡೆಯ ಜೀವಕೋಶಗಳಲ್ಲಿಯೇ 1964ರಲ್ಲಿ ಎಪ್ಸ್ಟೀನ್-ಬಾರ್ ವೈರಾಣು ಪತ್ತೆಯಾಯಿತು.

2. ಥೈರಾಯ್ಡ್ ಕ್ಯಾನ್ಸರ್: 1986ರ ಚೆರ್ನೋಬಿಲ್ ಅಣು ದುರಂತದ ನಂತರ ಬೆಲಾರಸ್, ಉಕ್ರೇನ್ ಹಾಗೂ ರಷ್ಯಾದ ಬಾಧಿತ ಪ್ರದೇಶಗಳ ಮಕ್ಕಳಲ್ಲಿ ಇದು ಗಣನೀಯವಾಗಿ ಹೆಚ್ಚಿತು. ವಿಕಿರಣಶೀಲ ಅಯೋಡಿನ್ ಸೇರಿದ ಹಾಲಿನ ಸೇವನೆಯು ಇದಕ್ಕೆ ಪ್ರಮುಖ ಕಾರಣವಾಗಿದ್ದಿತು.

3. ಅಡ್ರಿನಲ್ ಗ್ರಂಥಿಯ ಗಡ್ಡೆ: ಬ್ರೆಜಿಲ್ ದೇಶದ ದಕ್ಷಿಣ ಭಾಗದ ಮಕ್ಕಳಲ್ಲಿ ಇದು ಇತರ ದೇಶಗಳಿಗಿಂತ ಹಲವು ಪಟ್ಟು ಹೆಚ್ಚಾಗಿದೆ. ಅಲ್ಲಿನ ಜನರಲ್ಲಿ ವಂಶಪಾರಂಪರ್ಯವಾಗಿ ಬಂದಿರುವ ಒಂದು ವಂಶವಾಹಿ ಬದಲಾವಣೆ ಇದಕ್ಕೆ ಕಾರಣ.

ಮೇಲ್ಕಂಡ ಉದಾಹರಣೆಗಳಲ್ಲಿ ಕ್ರಮವಾಗಿ ಸೋಂಕು, ವಿಕಿರಣ ಹಾಗೂ ವಂಶವಾಹಿ ಕಾರಣಗಳು ವ್ಯಕ್ತವಾಗುತ್ತವೆ. ಆದರೆ ಎಲ್ಲ ವ್ಯತ್ಯಾಸಗಳಿಗೂ ಇಂತಹ ಕಾರಣವಿರುವುದಿಲ್ಲ.

ಲೆಕ್ಕಕ್ಕೆ ಸಿಗದ ಮಕ್ಕಳು

ಒಂದು ಪ್ರದೇಶದಲ್ಲಿ ಕಾಯಿಲೆಯ ಪ್ರಮಾಣ ಕಡಿಮೆಯೆಂದು ದಾಖಲಾದ ಮಾತ್ರಕ್ಕೆ ಅಲ್ಲಿ ಕಾಯಿಲೆ ಕಡಿಮೆ ಇದೆಯೆಂದು ಭಾವಿಸತಕ್ಕದ್ದಲ್ಲ. ರಕ್ತದ ಕ್ಯಾನ್ಸರ್ ಇರುವ ಮಗುವಿನಲ್ಲಿ ಜ್ವರ, ರಕ್ತಹೀನತೆ ಮತ್ತು ರಕ್ತಸ್ರಾವ ಕಾಣಿಸಿಕೊಳ್ಳುತ್ತವೆ. ಸೂಕ್ತ ರಕ್ತಪರೀಕ್ಷೆಯ ಸೌಲಭ್ಯವಿಲ್ಲದ ಕಡೆ ಇದನ್ನು ಸಾಮಾನ್ಯ ಸೋಂಕೆಂದು ತಿಳಿಯುವ ಸಾಧ್ಯತೆ ಇರುತ್ತದೆ. ಮಗು ಮೃತಪಟ್ಟರೂ ಅದರ ಕಾರಣ ಎಲ್ಲಿಯೂ ದಾಖಲಾಗುವುದಿಲ್ಲ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ 2015ರಲ್ಲಿ ಪ್ರಪಂಚದ ಮಕ್ಕಳ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇ. 43ರಷ್ಟು ಪತ್ತೆಯೇ ಆಗಿರಲಿಲ್ಲ. ಪತ್ತೆಯಾಗದ ಪ್ರಕರಣಗಳು ಪಶ್ಚಿಮ ಯೂರೋಪಿನಲ್ಲಿ ಸುಮಾರು ಶೇ. 3 ಇದ್ದರೆ, ಪಶ್ಚಿಮ ಆಫ್ರಿಕಾದಲ್ಲಿ ಸುಮಾರು ಶೇ. 57 ಇದ್ದವು.

ಭಾರತದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಜನಸಂಖ್ಯೆ ಆಧಾರಿತ ಮೊದಲ ನೋಂದಣಿಗಳಲ್ಲಿ ಬೆಂಗಳೂರಿನ ನೋಂದಣಿಯೂ ಒಂದಾಗಿದ್ದು, ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಇದನ್ನು ನಿರ್ವಹಿಸುತ್ತಿದೆ. ಇಂತಹ ನೋಂದಣಿಯಲ್ಲಿ ಆಯಾ ಪ್ರದೇಶದ ನಿವಾಸಿಗಳನ್ನು ಮಾತ್ರ ಲೆಕ್ಕಕ್ಕೆ ಪರಿಗಣಿಸಲಾಗುತ್ತದೆ. ಆದ್ದರಿಂದ ಆಸ್ಪತ್ರೆಯ ಸಿಬ್ಬಂದಿ ಮಗುವಿನ ಖಾಯಂ ವಿಳಾಸ ಕೇಳಿದಾಗ ಪೋಷಕರು ಸರಿಯಾದ ಊರು, ತಾಲ್ಲೂಕು ಹಾಗೂ ಜಿಲ್ಲೆಯ ವಿವರವನ್ನೇ ನೀಡುವುದು ಅವಶ್ಯಕ.

ಬದುಕುಳಿಯುವ ಪ್ರಮಾಣ

ಕಾಯಿಲೆ ಪತ್ತೆಯಾದ ದಿನದಿಂದ 5 ವರ್ಷಗಳ ನಂತರವೂ ಜೀವಂತವಿರುವವರ ಶೇಕಡಾವಾರು ಪ್ರಮಾಣವನ್ನು ಸಾಮಾನ್ಯವಾಗಿ ಬದುಕುಳಿಯುವ ಪ್ರಮಾಣವೆಂದು ಲೆಕ್ಕಹಾಕಲಾಗುತ್ತದೆ. 2018ರಲ್ಲಿ ಪ್ರಕಟವಾದ ಕಾನ್ಕಾರ್ಡ್-3 ಅಧ್ಯಯನದಂತೆ, 2010ರಿಂದ 2014ರ ಅವಧಿಯಲ್ಲಿ ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತದ ಕ್ಯಾನ್ಸರ್ ಪತ್ತೆಯಾದ ಮಕ್ಕಳಲ್ಲಿ ಈ ಪ್ರಮಾಣ ಫಿನ್ಲೆಂಡಿನಲ್ಲಿ ಶೇ. 95.2 ಮತ್ತು ಈಕ್ವೆಡಾರ್‌ನಲ್ಲಿ ಶೇ. 49.8 ಇದ್ದಿತು.

ರೆಟಿನೊಬ್ಲಾಸ್ಟೋಮಾ ಈ ಅಂತರದ ಕಾರಣವನ್ನು ಸ್ಪಷ್ಟಪಡಿಸುತ್ತದೆ. ಸರಿಸುಮಾರು 15,000ದಿಂದ 20,000 ಜನನಗಳಿಗೆ ಒಂದರಂತೆ ಇದು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಿಮೆ ಸಮಾನವಾಗಿ ಕಂಡುಬರುತ್ತದೆ. 2017ರಲ್ಲಿ 153 ದೇಶಗಳಲ್ಲಿ ಪತ್ತೆಯಾದ 4,351 ರೋಗಿಗಳ ಅಧ್ಯಯನದಲ್ಲಿ, ಪತ್ತೆಯಾದಾಗಿನ ಮಧ್ಯಮಾಂಕ ವಯಸ್ಸು ಅಧಿಕ ಆದಾಯದ ದೇಶಗಳಲ್ಲಿ 14.1 ತಿಂಗಳು, ಕಡಿಮೆ ಆದಾಯದ ದೇಶಗಳಲ್ಲಿ 30.5 ತಿಂಗಳು ಇದ್ದಿತು. ಅಷ್ಟರಲ್ಲಿ ಗಡ್ಡೆಯು ಕಣ್ಣಿನಿಂದ ಹೊರಗೆ ಹರಡಿದ್ದ ಮಕ್ಕಳು ಕ್ರಮವಾಗಿ ಶೇ. 1.5 ಹಾಗೂ ಶೇ. 49.1 ಇದ್ದರು. ಕಾಯಿಲೆ ಅದೇ ಆಗಿದ್ದರೂ ಪತ್ತೆಯಲ್ಲಾದ ಸುಮಾರು 16 ತಿಂಗಳ ವಿಳಂಬವು ಕಣ್ಣನ್ನೂ ಜೀವವನ್ನೂ ಅಪಾಯಕ್ಕೆ ಈಡುಮಾಡುತ್ತದೆ.

ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬಾರದು

ತೀವ್ರ ಲಿಂಫೋಬ್ಲಾಸ್ಟಿಕ್ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆಯು ಸಾಮಾನ್ಯವಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಮೊದಲ ಹಂತ ಮುಗಿಯುವ ವೇಳೆಗೆ, ಅಂದರೆ ಸುಮಾರು ಒಂದು ತಿಂಗಳಿನಲ್ಲಿ, ಹೆಚ್ಚಿನ ಮಕ್ಕಳಲ್ಲಿ ಕಾಯಿಲೆಯ ಲಕ್ಷಣಗಳು ಮರೆಯಾಗುತ್ತವೆ. ಮಗು ಊಟ ಮಾಡುತ್ತದೆ, ಆಟವಾಡುತ್ತದೆ. ಆದರೆ ರೋಗದ ಜೀವಕೋಶಗಳು ಅಸ್ಥಿಮಜ್ಜೆಯಲ್ಲಿ ಇನ್ನೂ ಉಳಿದಿರುತ್ತವೆ. ಪ್ರಯಾಣದ ವೆಚ್ಚ, ಕೂಲಿ ನಷ್ಟ, ಮನೆಯಲ್ಲಿರುವ ಇತರ ಮಕ್ಕಳ ಪಾಲನೆ ಮುಂತಾದ ಕಾರಣಗಳಿಂದ ಈ ಹಂತದಲ್ಲಿ ಚಿಕಿತ್ಸೆ ನಿಲ್ಲಿಸಿದಲ್ಲಿ ಕಾಯಿಲೆ ಮರುಕಳಿಸುತ್ತದೆ. ಆಗ ಅದನ್ನು ಗುಣಪಡಿಸುವುದು ಬಹಳ ಕಷ್ಟ. ಸತತ 4 ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಚಿಕಿತ್ಸೆಗೆ ಬಾರದಿರುವುದನ್ನು ಚಿಕಿತ್ಸೆ ತ್ಯಜಿಸಿದಂತೆ ಎಂದು ವೈದ್ಯಕೀಯವಾಗಿ ಪರಿಗಣಿಸಲಾಗುತ್ತದೆ. ತೊಂದರೆಯಿದ್ದಲ್ಲಿ ಪೋಷಕರು ನಿಗದಿತ ದಿನಾಂಕಕ್ಕೆ ಮುಂಚೆಯೇ ಆಸ್ಪತ್ರೆಗೆ ತಿಳಿಸುವುದು ಸೂಕ್ತ.

ಗಮನಿಸಬೇಕಾದ ಲಕ್ಷಣಗಳು

ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ವಿಳಂಬ ಮಾಡದೆ ವೈದ್ಯರಲ್ಲಿ ತೋರಿಸತಕ್ಕದ್ದು:

1. ಕಾರಣ ತಿಳಿಯದೆ ಬಹುದಿನಗಳಿಂದ ಇರುವ ಜ್ವರ, ಬಿಳಿಚಿಕೊಳ್ಳುವಿಕೆ, ತೂಕ ಇಳಿಯುವಿಕೆ.
2. ಪೆಟ್ಟಿಲ್ಲದೆ ಮೈಮೇಲೆ ಕಾಣುವ ನೀಲಿ ಕಲೆಗಳು, ಒಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತಸ್ರಾವ.
3. ಮೂಳೆ ನೋವು, ಕುಂಟುವಿಕೆ.
4. ಹೊಟ್ಟೆ, ಕುತ್ತಿಗೆ, ಕಂಕುಳು ಅಥವಾ ಇತರ ಭಾಗದಲ್ಲಿ ಗಂಟು.
5. ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು (ಇದು ಛಾಯಾಚಿತ್ರಗಳಲ್ಲಿಯೂ ಕಾಣಬಹುದು), ಹೊಸದಾಗಿ ಬಂದ ಮೆಳ್ಳೆಗಣ್ಣು.
6. ಬೆಳಗಿನ ವೇಳೆ ತಲೆನೋವು ಮತ್ತು ವಾಂತಿ, ನಡಿಗೆಯಲ್ಲಿ ತೂಗಾಟ.

ಈ ಲಕ್ಷಣಗಳು ಕಂಡುಬಂದ ಬಹುಪಾಲು ಮಕ್ಕಳಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಪರೀಕ್ಷೆಯ ನಂತರವೇ ಅದನ್ನು ಹೇಳಲು ಸಾಧ್ಯ. ಗಂಟನ್ನು ನೀವುವುದು, ಸುಟ್ಟು ಬರೆ ಹಾಕಿಸುವುದು ಅಪಾಯಕಾರಿ.

ಸೌಲಭ್ಯ ಪಡೆಯುವ ಕ್ರಮ

1. ಪ್ರಥಮವಾಗಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸುವುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳಿಗೆ ಭೇಟಿ ನೀಡಿದಾಗಲೂ ಲಕ್ಷಣಗಳನ್ನು ತಿಳಿಸಬಹುದು.

2. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದ್ದು, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿರುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ ರೂ. 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ.

3. ನೋಂದಣಿಗೆ ಮಗುವಿನ ಆಧಾರ್ ಮತ್ತು ಕುಟುಂಬದ ಪಡಿತರ ಚೀಟಿ ಅಗತ್ಯ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರ್ಪಡೆಯಾಗಿರದಿದ್ದಲ್ಲಿ ಕೂಡಲೇ ಸೇರಿಸಲು ಅರ್ಜಿ ಸಲ್ಲಿಸುವುದು.

4. ಸರ್ಕಾರಿ ಆಸ್ಪತ್ರೆಯಲ್ಲಿ ಅಗತ್ಯ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಅಲ್ಲಿನ ವೈದ್ಯರಿಂದ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ತೆರಳುವುದು.

5. ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಹಾಗೂ ಜೊತೆಯಲ್ಲಿರುವ ಒಬ್ಬರಿಗೆ ಪ್ರಯಾಣ ದರದಲ್ಲಿ ರಿಯಾಯಿತಿ ಇರುತ್ತದೆ. ಆಸ್ಪತ್ರೆಯು ನಿಗದಿತ ನಮೂನೆಯಲ್ಲಿ ನೀಡುವ ಪ್ರಮಾಣಪತ್ರವನ್ನು ಹಾಜರುಪಡಿಸತಕ್ಕದ್ದು.

6. ಪ್ರಯೋಗಾಲಯದ ವರದಿ, ಬಿಡುಗಡೆ ಪತ್ರ ಹಾಗೂ ಔಷಧಿ ವಿವರಗಳನ್ನು ಒಂದೇ ಕಡತದಲ್ಲಿ ಜೋಪಾನವಾಗಿರಿಸಿ, ಪ್ರತಿ ಭೇಟಿಗೂ ತರುವುದು.

ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಕೈಗೊಂಡ ಜಾಗತಿಕ ಉಪಕ್ರಮದಂತೆ, 2030ರ ವೇಳೆಗೆ ಪ್ರಪಂಚದಲ್ಲಿ ಕ್ಯಾನ್ಸರ್ ಇರುವ ಮಕ್ಕಳ ಪೈಕಿ ಕನಿಷ್ಠ ಶೇ. 60ರಷ್ಟು ಮಕ್ಕಳನ್ನು ಬದುಕುಳಿಸುವ ಗುರಿ ಹೊಂದಲಾಗಿದೆ. ಈ ಗುರಿ ತಲುಪಲು ಆಸ್ಪತ್ರೆ ಹಾಗೂ ಔಷಧಿಗಳ ಜೊತೆಗೆ, ಲಕ್ಷಣಗಳನ್ನು ಬೇಗ ಗುರುತಿಸುವ ಮತ್ತು ಚಿಕಿತ್ಸೆಯನ್ನು ಕೊನೆಯವರೆಗೆ ಮುಂದುವರಿಸುವ ಪೋಷಕರ ಸಹಕಾರವೂ ಅತ್ಯಗತ್ಯ. ಸಾರ್ವಜನಿಕರು ಈ ಸೌಲಭ್ಯಗಳ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.