ಬಾಡಿಗೆದಾರರ ದೂರು ಕೇಳುವವರು ಯಾರು?

ನಾನು ವಾಸವಾಗಿರುವ ಕೆಂಪಾಪುರದಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕವಿಲ್ಲದ ಬೀದಿ ಅಪರೂಪ. ಹೆಬ್ಬಾಳ, ನಾಗವಾರದ ಕಚೇರಿಗಳಿಗೆ ಹೋಗುವ ಯುವಕರು, ವಿದ್ಯಾರ್ಥಿಗಳು, ಅಲ್ಪ ಸಂಬಳದ ಕುಟುಂಬದವರು ಇಲ್ಲಿ ನೆಲೆಸಿದ್ದಾರೆ. ಸಾಮಾನ್ಯವಾಗಿ ಕರಾರು ಹನ್ನೊಂದು ತಿಂಗಳದು. ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಮುಂಗಡದಿಂದ ಎಷ್ಟು ಮುರಿದುಕೊಳ್ಳಬೇಕೆಂಬುದು ಹಲವೆಡೆ ಮಾಲೀಕರ ಮರ್ಜಿಗೆ ಬಿಟ್ಟ ವಿಷಯ.

ಕಾನೂನು ಇಲ್ಲವೆಂದಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ಆದರೆ ಬೆಂಗಳೂರಿನಲ್ಲಿ ಮಾಸಿಕ ಬಾಡಿಗೆ 3,500 ರೂಪಾಯಿ ಮೀರುವ ಕಟ್ಟಡಗಳನ್ನು ಆ ಕಾಯ್ದೆ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತು. ಆ ಮೊತ್ತಕ್ಕೆ ಇಂದು ಒಂದು ಕೋಣೆ ಸಿಕ್ಕರೆ ಅದೇ ಭಾಗ್ಯ. ಉಳಿದವರಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಸಿವಿಲ್ ನ್ಯಾಯಾಲಯವೇ ಗತಿ. ಮುಂಗಡದ ಬಾಕಿಗಾಗಿ ವರ್ಷಗಟ್ಟಲೆ ಅಲೆಯುವ ತಾಳ್ಮೆ ಎಷ್ಟು ಮಂದಿಗಿದೆ?

ಬಾಡಿಗೆಯ ದರವನ್ನೇ ಸರ್ಕಾರ ಕಟ್ಟಿಹಾಕಿದರೆ ಮಾಲೀಕರು ಮನೆಗೆ ಬೀಗ ಹಾಕಿಡುತ್ತಾರೆಂಬುದನ್ನು ಅರ್ಥಶಾಸ್ತ್ರ ಓದಿದ ನಾನು ಬಲ್ಲೆ. ದರ ಮಾರುಕಟ್ಟೆಗಿರಲಿ, ನಡವಳಿಕೆಗೆ ಮಾತ್ರ ನಿಯಮ ಬೇಕು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ದಾರಿಯೂ ಇದೇ. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ನೀರು, ವಿದ್ಯುತ್ ಕಡಿದು ಯಾರನ್ನೂ ಎಬ್ಬಿಸುವಂತಿಲ್ಲ. ವ್ಯಾಜ್ಯಕ್ಕೆ ಪ್ರತ್ಯೇಕ ಬಾಡಿಗೆ ಪ್ರಾಧಿಕಾರ ಮತ್ತು ನ್ಯಾಯಾಲಯ. ಅವಧಿ ಮುಗಿದರೂ ಮನೆ ಬಿಡದ ಬಾಡಿಗೆದಾರ ಮೊದಲ ಎರಡು ತಿಂಗಳು ಇಮ್ಮಡಿ, ಆನಂತರ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಆದರೆ ಇದು ಕೇವಲ ಮಾದರಿ. ರಾಜ್ಯ ಶಾಸಕಾಂಗ ಕಾನೂನು ಮಾಡದೆ ಅನ್ವಯವಾಗದು.

ಮಾಲೀಕ ಸ್ಥಾನದಲ್ಲಿ ಸಾರ್ವಜನಿಕ ಸಂಸ್ಥೆಯೇ ಇದ್ದರೂ ಉಸ್ತುವಾರಿ ತಪ್ಪದೆಂಬುದಕ್ಕೆ ಇಂಗ್ಲೆಂಡ್ ಸಾಕ್ಷಿ. ರಾಚ್‌ಡೇಲ್ ಪಟ್ಟಣದ ಸಾಮಾಜಿಕ ವಸತಿಯೊಂದರಲ್ಲಿ ಗೋಡೆಯ ಬೂಸ್ಟಿನಿಂದಾಗಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರ್‌ನಲ್ಲಿ ಅಸುನೀಗಿತು. ತಂದೆ ತಾಯಿ ದೂರಿದ್ದರೂ ದುರಸ್ತಿ ನಡೆದಿರಲಿಲ್ಲ. 2023ರಲ್ಲಿ ಸಾಮಾಜಿಕ ವಸತಿ ನಿಯಂತ್ರಣ ಕಾಯ್ದೆ ಬಂದಿತು. 2025ರ ಅಕ್ಟೋಬರ್ 27ರಿಂದ ಅಲ್ಲಿ ಅಂಥ ಮನೆಗಳ ತುರ್ತು ಅಪಾಯವನ್ನು 24 ಗಂಟೆಯೊಳಗೆ ನಿವಾರಿಸಲೇಬೇಕು.

ನಮ್ಮಲ್ಲಿ ಅಂಥ ದುರಂತಕ್ಕೆ ಕಾಯಬೇಕಾಗಿಲ್ಲ. 3,500 ರೂಪಾಯಿಯ ಮಿತಿಯನ್ನು ತೆಗೆದು, ವಾರ್ಡಿನ ಬಾಡಿಗೆದಾರ ಹತ್ತಬಹುದಾದ ಮೆಟ್ಟಿಲಿನ ಪ್ರಾಧಿಕಾರವನ್ನು ಸರ್ಕಾರ ರಚಿಸಲಿ. ಪ್ರಾಮಾಣಿಕ ಮಾಲೀಕರಿಗೂ ಅದರಿಂದ ಲಾಭವೇ.